ಉತ್ತರದ ಹಿತ್ತಲಿಗೊಂದು ಮನೋರಂಜಿನಿ: ಟಿಳಕವಾಡಿಯ ಪ್ರಕರಣ

ಬೆಳಗಾವಿಯ ಟಿಳಕವಾಡಿಯಲ್ಲಿರುವ ಈ ಮನೆಯ ಮುಂಬಾಗಿಲು ಪೂರ್ವಕ್ಕಿದೆ. ಉತ್ತರದ ಮಗ್ಗುಲಲ್ಲಿ 12 ಅಡಿ ಅಗಲ, 40 ಅಡಿ ಉದ್ದದ ಹಿತ್ತಲು. ಮನೆಯೊಡತಿ ನಿವೃತ್ತ ಶಿಕ್ಷಕಿ. ಓಣಿಯವರಿಗೆಲ್ಲ ಅವರು ಬಾಯಾರು, ನನಗೂ ಅಷ್ಟೆ. ಮೊದಲು ಇಲ್ಲಿ ಕಂಪೌಂಡಿಗೆ ಹೊಂದಿಕೊಂಡು ದುಂಡುಮಲ್ಲಿಗೆ, ಜಾಜಿ ಎರಡೂ ಇದ್ದವು. ಬೆಳಗ್ಗೆ ಕಟ್ಟೆ ಮೇಲೆ ಕೂತು ಬಾಯಾರು ಮಾಲೆ ಕಟ್ಟುತ್ತಿದ್ದರು. ಮುಂದೆ ಮಗನ ಸಂಸಾರಕ್ಕೆಂದು ಹಳೇ ಹೆಂಚು ತೆಗೆಸಿ ಮೇಲೊಂದು ಅಂತಸ್ತು ಎತ್ತಿಸಿದರು. ಅದಾದ ಮೇಲೆ ಕಂಪೌಂಡಿನ ಆಚೆ ಮೂರಂತಸ್ತಿನ ಕಟ್ಟಡ ಬಂತು. ಮಲ್ಲಿಗೆ ಬರೀ ಎಲೆ ಬಿಡತೊಡಗಿತು. ಜಾಜಿ ಸೊರಗಿ ಹೋಯಿತು. ಆಚೆ ಕಟ್ಟಡದ ಮೆಟ್ಟಿಲು ಹತ್ತುವವರಿಗೆಲ್ಲ ಕಟ್ಟೆ ನೇರವಾಗಿ ಕಾಣುತ್ತದೆ. ಬಾಯಾರು ಹಿತ್ತಲಿಗೆ ಬಂದು ಕೂರುವುದನ್ನೇ ಬಿಟ್ಟರು.

ಒಂದು ಡಿಸೆಂಬರ್‌ನಲ್ಲಿ ನನ್ನನ್ನು ಕರೆಸಿ ಕೇಳಿದ್ದು ಇಷ್ಟು: "ತಮ್ಮಾ, ವರ್ಷಪೂರ್ತಿ ಹಸರ ಇರಬೇಕು, ಆಚಿ ಕಡಿಗೆ ಮರೀ ಆಗಬೇಕು, ಹೂವೂ ಬಿಡಬೇಕು. ವಾಸನೀ ಇದ್ದರ ಇನ್ನೂ ಚಲೋ. ಈ ಕತ್ತಲದಾಗ ಹಂಥಾದ್ದು ಏನರೆ ಬರ್ತದೇನು?"

ಇಂಥ ಪ್ರಶ್ನೆ ಹಿಡಿದುಕೊಂಡು ನೇರ ನರ್ಸರಿಗೆ ಹೋಗುವವರೇ ಜಾಸ್ತಿ. ನೆರಳಿಗೆ ಬರೋ ಬಳ್ಳಿ ಕೊಡಿ ಅಂದರೆ ಅವರೂ ಏನೋ ಒಂದು ಕೊಟ್ಟು ಕಳಿಸುತ್ತಾರೆ. ನನ್ನ ಪ್ರಕಾರ ಗಿಡದ ಹೆಸರು ಕೊನೆಗೆ ಬರಬೇಕು. ಆ ಜಾಗದ ನೆರಳು ಯಾವ ತಿಂಗಳದ್ದು, ನೆಲದಿಂದ ಎಷ್ಟು ಎತ್ತರದವರೆಗಿನದು ಅನ್ನುವುದು ಮೊದಲು ಗೊತ್ತಾಗಬೇಕು. ಇದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಗೊತ್ತಿಲ್ಲದೆ ನೆಟ್ಟ ಎಷ್ಟೋ ಒಳ್ಳೇ ಬಳ್ಳಿಗಳು ಸುಮ್ನೆ ಸಾಯುವುದನ್ನು ನೋಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ನೆರಳು ಅಳೆದದ್ದು

ಮನೆಮಂದಿಯೆಲ್ಲ ಆಚೆಯ ಕಟ್ಟಡವನ್ನೇ ದೂರುತ್ತಿದ್ದರು. ಅದು ಇರುವುದು ಉತ್ತರಕ್ಕೆ. ಚಳಿಗಾಲದಲ್ಲಿ ಬಿಸಿಲು ಬರುವುದು ದಕ್ಷಿಣದಿಂದ. ಹಾಗಾಗಿ ಲೆಕ್ಕ ಬೇರೆಯೇ ಬಂತು.

ಬೆಳಗಾವಿ ಇರುವುದು ಸುಮಾರು 15.9 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ 21ರ ಹೊತ್ತಿಗೆ ನಡುಹಗಲಲ್ಲೂ ಸೂರ್ಯ ದಕ್ಷಿಣಕ್ಕೆ ವಾಲಿ ಸುಮಾರು 51 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ. ಆಗ 10 ಅಡಿ ಗೋಡೆಯ ನೆರಳು ಉತ್ತರಕ್ಕೆ 8 ಅಡಿಗೂ ಸ್ವಲ್ಪ ಜಾಸ್ತಿ ಚಾಚುತ್ತದೆ. ಹಳೇ ಹೆಂಚಿನ ಮನೆಯ ಎತ್ತರ 11 ಅಡಿ ಇತ್ತಂತೆ. ಅದರ ನೆರಳು 9 ಅಡಿ. ಉಳಿದ 3 ಅಡಿಯ ಪಟ್ಟಿಗೆ, ಅಂದರೆ ಕಂಪೌಂಡಿನ ಬುಡಕ್ಕೆ, ಡಿಸೆಂಬರ್‌ನಲ್ಲೂ ಬಿಸಿಲು ಬೀಳುತ್ತಿತ್ತು. ಮಲ್ಲಿಗೆ, ಜಾಜಿ ಬದುಕಿದ್ದು ಆ ಪಟ್ಟಿಯಲ್ಲಿ. ಈಗ ಮನೆ 22 ಅಡಿ. ನೆರಳು 18 ಅಡಿ ಬೇಕೆನ್ನುತ್ತದೆ, ಹಿತ್ತಲಿರುವುದೇ 12. ಅಕ್ಟೋಬರ್ ಕೊನೆಯಿಂದ ಫೆಬ್ರವರಿ ಮಧ್ಯದವರೆಗೆ ಅಲ್ಲಿಯ ನೆಲಕ್ಕೆ ನಡುಹಗಲ ಬಿಸಿಲು ಸೋಕುವುದೇ ಇಲ್ಲ. ಮಲ್ಲಿಗೆಯ ಬಿಸಿಲನ್ನು ತಡೆದಿದ್ದು ಮನೆಯದೇ ಮೇಲಂತಸ್ತು. ಆಚೆಯ ಕಟ್ಟಡ ಉತ್ತರದ ಆಕಾಶವನ್ನು ಮುಚ್ಚಿ ಬೆಳಕನ್ನು ಇನ್ನೊಂದಿಷ್ಟು ಕಡಿಮೆ ಮಾಡಿತು, ಅಷ್ಟೆ. ಅದಕ್ಕೆ ಬಿಳಿ ಬಣ್ಣ ಹೊಡೆದಿದ್ದರಿಂದ ಸ್ವಲ್ಪ ಬೆಳಕು ತಿರುಗಿ ಹಿತ್ತಲಿಗೇ ಬರುತ್ತದೆ ಕೂಡ.

ಕಾಗದದ ಲೆಕ್ಕ ಸಾಲದು ಅಂತ ಒಂದು ಉದ್ದ ಬಿದಿರನ್ನು ಕಂಪೌಂಡಿಗೆ ಒರಗಿಸದೆ ನೆಟ್ಟಗೆ ನಿಲ್ಲಿಸಿದೆವು. ನಮ್ಮೂರಲ್ಲಿ ಸೂರ್ಯ ನಡುಹಗಲಿಗೆ ಬರುವುದು ಗಡಿಯಾರದ 12ಕ್ಕಲ್ಲ. ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ಬೆಳಗಾವಿ 74.5ರ ಆಸುಪಾಸಿನದು. ಹಾಗಾಗಿ ನಮಗೆ ಅರ್ಧ ತಾಸು ತಡ. 12.30ಕ್ಕೆ ನೋಡಿದಾಗ ಬಿದಿರಿನ ಕೆಳಭಾಗವೆಲ್ಲ ನೆರಳಲ್ಲಿತ್ತು. ಸುಮಾರು 8 ಅಡಿಯ ಮೇಲೆ ಗೆಣ್ಣು ಗೆಣ್ಣೂ ಬಿಸಿಲಲ್ಲಿ ಹೊಳೆಯುತ್ತಿತ್ತು. ಬಿಸಿಲು ಶುರುವಾಗುವ ಜಾಗಕ್ಕೆ ಒಂದು ಸುತಳಿ ಕಟ್ಟಿದೆ. ಬಾಯಾರು ತಲೆಯೆತ್ತಿ ಆ ಸುತಳಿಯನ್ನೇ ನೋಡುತ್ತ ನಿಂತರು.

ಈ ಜಾಗಕ್ಕೆ ಗಿಡವಲ್ಲ, ಬಳ್ಳಿಯೇ ಸರಿ ಅಂತ ನಿರ್ಧಾರವಾದದ್ದು ಅಲ್ಲಿ. ಬೇರು ಕತ್ತಲಲ್ಲಿದ್ದರೂ ತಲೆ 8 ಅಡಿ ದಾಟಿದರೆ ಚಳಿಗಾಲದ ಬಿಸಿಲು ಸಿಗುತ್ತದೆ. ಮೂರಡಿ ಎತ್ತರದ ಪೊದೆಗೆ ಆ ಭಾಗ್ಯ ಇಲ್ಲ.

ಬೇಸಿಗೆಯಲ್ಲಿ ಇದೆಲ್ಲ ತಿರುವುಮುರುವು. ಮಾರ್ಚ್ 21ರ ಹೊತ್ತಿಗೆ ಮನೆಯ ನೆರಳು 6 ಅಡಿಗೆ ಇಳಿಯುತ್ತದೆ. ಮೇ ಮೊದಲ ವಾರ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ. ಅಲ್ಲಿಂದ ಆಗಸ್ಟ್ ಎರಡನೇ ವಾರದವರೆಗೆ ನಡುಹಗಲ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ಅಂದರೆ ನಾಲ್ಕು ತಿಂಗಳು ಕತ್ತಲಲ್ಲಿದ್ದ ಇದೇ ಹಿತ್ತಲಿಗೆ ಏಪ್ರಿಲ್, ಮೇ ತಿಂಗಳಲ್ಲಿ ಖಡಕ್ ಬಿಸಿಲು. ಜೂನ್ ಬಂದರೆ ಮೋಡ, ಮಳೆ. ಜುಲೈಯಲ್ಲಂತೂ ಬೆಳಗಾವಿಯಲ್ಲಿ ಸೂರ್ಯ ಕಂಡರೆ ಪುಣ್ಯ. ನೆರಳಿನ ಗಿಡ ಅಂತ ಮಾರುವ ಸೂಕ್ಷ್ಮ ಗಿಡಗಳು ಇಲ್ಲಿ ಸೋಲುವುದು ಡಿಸೆಂಬರ್‌ನಲ್ಲಲ್ಲ, ಮೇ ತಿಂಗಳಲ್ಲಿ.

ಒಂದು ಅನುಕೂಲವಿತ್ತು. ಪಶ್ಚಿಮದ ತುದಿಯಲ್ಲಿ ಪಕ್ಕದವರ ಹಳೇ ಮಾವಿನಮರ ಇದೆ. ಮಳೆಗಾಲದಲ್ಲಿ ಘಟ್ಟದ ಕಡೆಯಿಂದ ಬೀಸುವ ಗಾಳಿಗೂ ಬೇಸಿಗೆಯ ಇಳಿಹೊತ್ತಿನ ಬಿಸಿಲಿಗೂ ಅದೇ ಅಡ್ಡ. ಮೂರು ಕಡೆ ಮರೆಯಿರುವ ಹಿತ್ತಲಲ್ಲಿ ಗಾಳಿ ಅಷ್ಟಾಗಿ ಆಡುವುದಿಲ್ಲ. ತೇವ ನಿಲ್ಲುತ್ತದೆ, ಹೂವಿನ ವಾಸನೆಯೂ ನಿಲ್ಲುತ್ತದೆ. ಬಿಳಿ ಹಿಟ್ಟುತಿಗಣೆಗೂ ಅಂಥ ಜಾಗವೇ ಇಷ್ಟ, ಅದು ಬೇರೆ ಮಾತು.

ಯಾವ ಬಳ್ಳಿ

ಕಾಗದದ ಹೂ, ಮಧುಮಾಲತಿ ಎರಡನ್ನೂ ಕೂಡಲೇ ಬಿಟ್ಟೆವು. ಎರಡಕ್ಕೂ ದಿನದ ಹೆಚ್ಚು ಹೊತ್ತು ಬಿಸಿಲು ಬೇಕು. ಮನಿಪ್ಲಾಂಟ್ ನೆರಳಲ್ಲಿ ಚೆನ್ನಾಗಿ ಹಬ್ಬುತ್ತದೆ, ಆದರೆ ಹೂ ಬಿಡುವುದಿಲ್ಲ. ಹೂ ಬಿಡಿಸುವ ಜಿಬ್ಬರೆಲಿನ್ ಅನ್ನುವ ಹಾರ್ಮೋನನ್ನು ಅದು ಸರಿಯಾಗಿ ತಯಾರಿಸಲಾರದು. ಗೊಬ್ಬರ ಎಷ್ಟು ಹಾಕಿದರೂ ಅಷ್ಟೆ.

ಮೈಸೂರು ಥನ್ಬರ್ಜಿಯಾ ಬಗ್ಗೆ ಬಹಳ ಯೋಚಿಸಿದೆ. ದಕ್ಷಿಣದ ಪಶ್ಚಿಮಘಟ್ಟದ್ದೇ ಬಳ್ಳಿ, ವರ್ಷಪೂರ್ತಿ ಹಸಿರು. ಹಳದಿ ಮತ್ತು ಕೆಂಗಂದು ಬಣ್ಣದ ಹೂವಿನ ಸರಗಳು ಹಂದರದಿಂದ ಇಳಿಬಿದ್ದರೆ ಸೂರಕ್ಕಿಗಳು ಮಕರಂದಕ್ಕೆ ಬಂದು ಜೋತಾಡುತ್ತವೆ. ಅರೆನೆರಳನ್ನೂ ತಡೆದುಕೊಳ್ಳುತ್ತದೆ. ಆದರೆ ಆ ಸರಗಳು ಚೆಂದ ಕಾಣಬೇಕಾದರೆ ಕೆಳಗೆ ನಿಂತು ಮೇಲೆ ನೋಡುವಂಥ ಅಗಲದ ಹಂದರ ಬೇಕು. ಇಲ್ಲಿ ಬೇಕಿದ್ದದ್ದು ಕಂಪೌಂಡಿನುದ್ದಕ್ಕೆ ತೆಳ್ಳಗಿನ ಹಸಿರು ಗೋಡೆ. ಮೇಲಾಗಿ ಅದಕ್ಕೆ ಪರಿಮಳ ಇಲ್ಲ. ಬ್ಲೀಡಿಂಗ್ ಹಾರ್ಟ್ ಬಳ್ಳಿಯೂ ನೆರಳಿಗೆ ಆಗುತ್ತದೆ. ಅದಕ್ಕೂ ಪರಿಮಳವಿಲ್ಲ.

ಉಳಿದದ್ದು ಮನೋರಂಜಿನಿ. ಬೆಳಗಾವಿಯ ಮರಾಠಿ ಮನೆಗಳಲ್ಲಿ ಹಿರವಾ ಚಾಫಾ ಅನ್ನುತ್ತಾರೆ. ಸಸ್ಯಶಾಸ್ತ್ರದ ಹೆಸರು ಆರ್ಟಬಾಟ್ರಿಸ್ ಹೆಕ್ಸಾಪೆಟಾಲಸ್. ಸೀತಾಫಲದ ಕುಟುಂಬದ್ದು, ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಮೂಲದ್ದು. ಕಾಡಿನಲ್ಲಿ ಬೇರೆ ಮರಗಳ ನೆರಳಲ್ಲಿ ಹುಟ್ಟಿ, ಅವುಗಳ ಮೇಲೇ ಹತ್ತಿ ಬೆಳಕು ಹುಡುಕುವ ಬಳ್ಳಿ ಇದು. ಈ ಹಿತ್ತಲಲ್ಲಿ ಅದು ಮಾಡಬೇಕಾಗಿದ್ದದ್ದೂ ಅದನ್ನೇ. ಎಲೆ ದಪ್ಪ, ಕಡುಹಸಿರು, ಹೊಳಪು. ಹಾಗಾಗಿ ಮೇ ತಿಂಗಳ ಬಿಸಿಲಿಗೆ ಬೇಗ ಸುಡುವುದಿಲ್ಲ. ನೋಟದ ಹೂವು ಬೇಕಾದವರಿಗೆ ಇದನ್ನು ನಾನು ಹೇಳುವುದಿಲ್ಲ. ಹೂ ಎಲೆಯ ಬಣ್ಣದ್ದೇ. ಹುಡುಕಿದರೆ ಕಾಣುತ್ತದೆ, ಇಲ್ಲವೆಂದರೆ ಮೂಗಿಗೆ ಗೊತ್ತಾಗುತ್ತದೆ. ಬಾಯಾರಿಗೆ ಇದನ್ನು ಮೊದಲೇ ಹೇಳಿದೆ. "ನೋಡೂದಕ್ಕ ಕಣ್ಣ ಎಲ್ಲಿ ಅದಾವ ತಮ್ಮಾ ಈಗ, ವಾಸನೀನ ಬೇಕು" ಅಂದರು. ಅವರ ಕಣ್ಣಿನ ಪೊರೆಯ ಆಪರೇಷನ್ ಆಗ ಇನ್ನೂ ಆಗಿರಲಿಲ್ಲ.

ಸಸಿ ಕೊಳ್ಳುವಾಗ ಒಂದು ಎಚ್ಚರ ಬೇಕು. ಇದೇ ಕುಟುಂಬದ ಯಲಾಂಗ್ ಯಲಾಂಗ್ ಗಿಡವೂ ಕೆಲವು ಕಡೆ ಇದೇ ಹೆಸರಲ್ಲಿ ಮಾರಾಟವಾಗುತ್ತದೆ. ಅದರ ದಳಗಳು ಉದ್ದ, ತೆಳ್ಳಗೆ, ಜೋಲುಬಿದ್ದಿರುತ್ತವೆ. ಅದು ಬಳ್ಳಿಯಲ್ಲ. ಮನೋರಂಜಿನಿಯ ಗುರುತು ಅದರ ಕೊಕ್ಕೆ. ಹೂವಿನ ತೊಟ್ಟು ಬುಡದಲ್ಲೇ ಚಪ್ಪಟೆಯಾಗಿ, ಬಾಗಿ, ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿಯ ಕೊಂಡಿಯಂತೆ ಆಗಿರುತ್ತದೆ. ಪಕ್ಕದ ಕಡ್ಡಿಯೋ ತಂತಿಯೋ ಸಿಕ್ಕರೆ ಅದಕ್ಕೆ ತಗುಲಿಕೊಂಡು ಗಟ್ಟಿಯಾಗುತ್ತದೆ. ಬಳ್ಳಿ ಹತ್ತುವುದು ಈ ಕೊಕ್ಕೆಗಳಿಂದಲೇ. ಬೀಜದ ಸಸಿಯಲ್ಲಿ ಕೊಕ್ಕೆ ಕಾಣಲು ವರ್ಷಗಳೇ ಬೇಕು. ಬೀಜ ಮೊಳೆಯುವುದೂ ನಿಧಾನ. ಅದಕ್ಕೇ ಗೂಟಿ ಕಟ್ಟಿದ (ಕೊಂಬೆಗೇ ಮಣ್ಣು ಸುತ್ತಿ ಬೇರು ಬಿಡಿಸಿದ) ಸಸಿಯನ್ನೇ, ಒಂದಾದರೂ ಕೊಕ್ಕೆ ಇರುವುದನ್ನೇ ಆರಿಸಿದೆವು. ಬೆಲೆ ಜಾಸ್ತಿ ಆಯಿತು. ಆದರೂ ಅದೇ ಸರಿ.

ಹಾವಿನ ಮಾತೂ ಬಂತು. ಪಕ್ಕದ ಮನೆಯ ಕಾಕು "ಆ ಹೂವಿನ ವಾಸನಿಗೆ ಹಾವು ಬರ್ತಾವ್ರೀ ಬಾಯಾರ" ಅಂದುಬಿಟ್ಟರು. ಕೇದಿಗೆಗೂ ರಾತ್ರಿರಾಣಿಗೂ ಇದೇ ಮಾತು ಹೇಳುತ್ತಾರೆ. ಹಾವಿಗೆ ಬೇಕಾದ್ದು ಇಲಿ, ಕಪ್ಪೆ, ಅಡಗಲು ಸಂದು. ಹೂವಿನ ವಾಸನೆ ಹಿಡಿದು ಅದು ಬರುವುದಿಲ್ಲ. ಬಳ್ಳಿಯ ಬುಡದಲ್ಲಿ ಕಸ, ಒಡೆದ ಹೆಂಚು, ಸೌದೆ ಒಟ್ಟಿದರೆ ಮಾತ್ರ ಯಾವ ಬಳ್ಳಿಯಾದರೂ ಅಪಾಯವೇ. ಕಾಕುಗಳ ಭಯವನ್ನು ತಳ್ಳಿಹಾಕದೆ ಒಂದು ಕ್ರಮ ಮಾಡಿದೆವು: ಬುಡದಿಂದ ಒಂದೂವರೆ ಅಡಿ ಎತ್ತರದವರೆಗೆ ಅಡ್ಡ ಕೊಂಬೆ ಬಿಡುವುದಿಲ್ಲ. ನೆಲ ಯಾವಾಗಲೂ ಕಾಣಬೇಕು. ಗಾಳಿ ಆಡುವುದಕ್ಕೂ ಅದು ಒಳ್ಳೆಯದು.

ತೆಗ್ಗು ಮತ್ತು ಹಂದರ

ಕಂಪೌಂಡಿಗೆ ಹತ್ತಿ ಜಿ.ಐ. ಪೈಪಿನ ಕಂಬಗಳು, ನೆಲದಿಂದ 11 ಅಡಿ. ಸುತಳಿಯ ಗುರುತಿನ ಮೇಲೆ 3 ಅಡಿ ಬಿಸಿಲಿನ ಪಟ್ಟಿ ಸಿಗಲಿ ಅಂತ ಆ ಎತ್ತರ. ಕಂಬದಿಂದ ಕಂಬಕ್ಕೆ ಒಂದೂವರೆ ಅಡಿಗೊಂದರಂತೆ ಅಡ್ಡ ತಂತಿ. ಮನೋರಂಜಿನಿ ಗೋಡೆಗೆ ಅಂಟಿಕೊಂಡು ಹತ್ತುವ ಬಳ್ಳಿಯಲ್ಲ. ದಪ್ಪ ಕಂಬವೂ ಅದಕ್ಕೆ ಹಿಡಿಯಲು ಬಾರದು. ತೆಳ್ಳಗಿನ ತಂತಿ ಬೇಕು. ಮೊದಲ ಎರಡು ವರ್ಷ ಕೊಕ್ಕೆ ಕಡಿಮೆ, ಅಲ್ಲಿವರೆಗೆ ಸುತಳಿಯಿಂದ ಸಡಿಲವಾಗಿ ನಾವೇ ಕಟ್ಟಬೇಕು.

ತೆಗ್ಗು ತೋಡಿದಾಗ ಮೇಲೆ ಅರ್ಧ ಅಡಿ ಕೆಂಪು ಮಣ್ಣು. ಅದರ ಕೆಳಗೆ ಹಳೇ ಮನೆ ಕೆಡವಿದ ಇಟ್ಟಂಗಿ ಚೂರು, ಗಾರೆ, ಸಿಮೆಂಟ್ ಉಂಡೆ. ಎರಡಡಿ ಅಗಲ, ಎರಡಡಿ ಆಳ ತೋಡಿ ಅದನ್ನೆಲ್ಲ ಹೊರಗೆ ಹಾಕಿಸಿದೆ. ಎರಡು ಪಾಲು ಹೊಸ ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಒಂದಿಷ್ಟು ಬೇವಿನ ಹಿಂಡಿ ಸೇರಿಸಿ, ನೆಲಕ್ಕಿಂತ ಅರ್ಧ ಅಡಿ ಎತ್ತರಕ್ಕೆ ದಿಬ್ಬ ಮಾಡಿ ತುಂಬಿದೆವು. ದಿಬ್ಬ ಬೇಕಾದ್ದು ಬೆಳಗಾವಿಯ ಮಳೆಗೆ. ಬಿಸಿಲು ಬೀಳದ ಜಾಗದಲ್ಲಿ ನೀರು ಬೇಗ ಆರುವುದಿಲ್ಲ, ಬೇರು ಕೊಳೆಯುತ್ತದೆ. ತಾರಸಿಯ ನೀರು ಬೀಳುವ ಪೈಪನ್ನೂ ಗೇಟಿನ ಕಡೆ ತಿರುಗಿಸಿದೆವು. ಮಿರಗದ ಮಳೆ ಬಿದ್ದ ಮೇಲೆ, ಜೂನ್‌ನಲ್ಲಿ, ಸಸಿ ಹಚ್ಚಿದೆವು. ಇದೇ ಬಳ್ಳಿಯನ್ನು ವಿಜಯಪುರದಲ್ಲಿ ಹಚ್ಚುವುದಾದರೆ ದಿಬ್ಬದ ಬದಲು ಪಾತಿ ಮಾಡುತ್ತಿದ್ದೆ. ಅಲ್ಲಿಯ ಕಷ್ಟ ನೀರು ನಿಲ್ಲುವುದಲ್ಲ, ಒಣ ಹವೆ.

ಹಳದಿ ಎಲೆ

ಮೊದಲ ಮಳೆಗಾಲ ಏನೂ ಆಗಲಿಲ್ಲ, ಬೆಳೆಯಲೂ ಇಲ್ಲ. ಚಳಿಗಾಲ ಹಾಗೇ ಹೋಯಿತು. ಬಾಯಾರಿಗೆ ಚಿಂತೆ. ನನಗೆ ಇರಲಿಲ್ಲ, ಯಾಕೆಂದರೆ ಎಲೆ ಉದುರಿರಲಿಲ್ಲ. ಮಾರ್ಚ್‌ನಲ್ಲಿ ಬಿಸಿಲು ನೆಲಕ್ಕೆ ಬರುತ್ತಲೇ ಚಿಗುರು ಒಡೆಯಿತು. ಮೇ ಮುಗಿಯುವಷ್ಟರಲ್ಲಿ ಐದನೇ ತಂತಿ ಮುಟ್ಟಿತ್ತು. ಬುಡಕ್ಕೆ ಮಾವಿನ ತರಗೆಲೆ ಹೊದಿಸಿ, ವಾರಕ್ಕೆರಡು ಸಲ ನೀರು ಕೊಟ್ಟರೆ ಸಾಕಾಯಿತು.

ಆ ವರ್ಷ ಮಳೆ ನಿಂತ ಮೇಲೆ ಫೋನ್ ಬಂತು. ಎಲೆ ಹಳದಿ ಆಗ್ತಿವೆ. ಇಂಥ ಹೊತ್ತಲ್ಲಿ ಜನ ಮೊದಲು ಯೂರಿಯಾ ಹಾಕುತ್ತಾರೆ. ಯಾವ ಎಲೆ ಹಳದಿ ಅಂತ ನೋಡದೆ ಏನೂ ಹಾಕಬಾರದು. ಕೆಳಗಿನ ಹಳೇ ಎಲೆ ಒಟ್ಟಾಗಿ ಹಳದಿಯಾದರೆ ಸಾರಜನಕದ ಕೊರತೆ ಇರಬಹುದು, ನೀರು ನಿಂತಿರಲೂಬಹುದು. ಇಲ್ಲಿ ಕೆಳಗಿನ ಎಲೆಗಳು ಕಡುಹಸಿರಾಗಿಯೇ ಇದ್ದವು. ತುದಿಯ ಹೊಸ ಎಲೆ ಮಾತ್ರ ನಿಂಬೆ ಬಣ್ಣಕ್ಕೆ ತಿರುಗಿತ್ತು. ಒಂದನ್ನು ಬೆಳಕಿಗೆ ಹಿಡಿದರೆ ನಡುನರ, ಅಡ್ಡನರ ಎಲ್ಲ ಹಸಿರು ಗೆರೆ, ನಡುವಿನ ಭಾಗವೆಲ್ಲ ಹಳದಿ. ಇದು ಕಬ್ಬಿಣದ ಕೊರತೆಯ ಲಕ್ಷಣ. ಬೆಳಗಾವಿಯ ಕೆಂಪು ಮಣ್ಣಲ್ಲಿ ಕಬ್ಬಿಣಕ್ಕೇನು ಬರವಿಲ್ಲ. ಸುಣ್ಣ ಜಾಸ್ತಿಯಾದರೆ ಅದು ಬೇರಿಗೆ ಸಿಗುವುದಿಲ್ಲ, ಅಷ್ಟೆ.

ಸುಣ್ಣ ಬಂದದ್ದು ಎಲ್ಲಿಂದ? ಬುಡದ ಮಣ್ಣನ್ನು ಒಂದು ಬಟ್ಟಲಿಗೆ ಹಾಕಿ ಅಡುಗೆಮನೆಯ ವಿನೆಗರ್ ಸುರಿದೆ. ಜುಸ್ ಅಂತ ಬುರುಗು ಎದ್ದಿತು. ಸುಣ್ಣದ ಅಂಶ ಇರುವ ಮಣ್ಣು ಮಾತ್ರ ಹಾಗೆ ಬುರುಗುತ್ತದೆ. ಕಂಪೌಂಡಿನ ಬುಡ ಹುಡುಕಿದರೆ ಒಂದು ತೂತು. ಆಚೆ ಕಡೆ ಗಿಲಾವು ಕೆಲಸ ನಡೆದಾಗ ಪುಟ್ಟಿ, ಬಕೆಟ್ ತೊಳೆದ ಸಿಮೆಂಟ್ ನೀರು ಅದರಿಂದಲೇ ಹರಿದು ಬಂದು ದಿಬ್ಬದ ಮೇಲೆ ಬೂದು ಪದರ ಕಟ್ಟಿತ್ತು. ಬಾಯಾರು ಹೋಗಿ ಸಮಾಧಾನದಿಂದಲೇ ಮಾತಾಡಿದರು. ಆಚೆಯವರು ತೂತು ಮುಚ್ಚಿಸಿಕೊಟ್ಟರು.

ಆ ಪದರವನ್ನೂ ಅದರ ಕೆಳಗಿನ ನಾಲ್ಕಿಂಚು ಮಣ್ಣನ್ನೂ ಬೇರಿಗೆ ಪೆಟ್ಟಾಗದಂತೆ ಕೈಯಿಂದಲೇ ಕೆರೆದು ತೆಗೆದು ಎರೆಗೊಬ್ಬರ ಹಾಕಿದೆವು. ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಲಿಂಬು ಉಪ್ಪು (ಸಿಟ್ರಿಕ್ ಆಮ್ಲ) ಕರಗಿಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿದೆವು. ಹದಿನೈದು ದಿನ ಬಿಟ್ಟು ಮತ್ತೊಮ್ಮೆ. ಈ ನೀರು ಗೋಡೆಗೆ, ಫರಸಿಗೆ ಬಿದ್ದರೆ ತುಕ್ಕಿನ ಕಲೆ ಉಳಿಯುತ್ತದೆ, ಹಳೇ ಸೀರೆ ಅಡ್ಡ ಕಟ್ಟಿ ಸಿಂಪಡಿಸುವುದು ಒಳ್ಳೆಯದು. ಹಳದಿಯಾದ ಎಲೆಗಳು ಅಷ್ಟಾಗಿ ತಿರುಗಲಿಲ್ಲ. ಆಮೇಲೆ ಬಂದ ಚಿಗುರು ಹಸಿರಾಗಿಯೇ ಬಂತು.

ಹುಳದ ಕಾಟವೂ ಇತ್ತು. ಹಿಟ್ಟುತಿಗಣೆಗೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಸ್ವಲ್ಪ ಸೋಪು ನೀರು. ಚಿಗುರು ತಿನ್ನುವ ಹಸಿರು ಕಂಬಳಿಹುಳಗಳನ್ನು ಮಾತ್ರ ಬಿಡಿ ಅಂದೆ. ಕಪ್ಪು ರೆಕ್ಕೆಯ ಮೇಲೆ ಹಸಿರು ಚುಕ್ಕೆಯ, ಬಾಲವಿರುವ ಚಿಟ್ಟೆ ಒಂದಿದೆ. ಟೇಲ್ಡ್ ಜೇ ಅನ್ನುತ್ತಾರೆ. ಸೀತಾಫಲದ ಕುಟುಂಬದ ಎಲೆ ಅದರ ಮರಿಗಳ ಊಟ. ಬಳ್ಳಿ ಒಮ್ಮೆ ಬೇರೂರಿದರೆ ಅವು ತಿಂದ ನಾಲ್ಕು ಚಿಗುರು ಯಾವ ಲೆಕ್ಕ? ಬಾಯಾರ ಮೊಮ್ಮಗಳು ಒಂದು ಕೋಶದಿಂದ ಚಿಟ್ಟೆ ಹೊರಬರುವುದನ್ನು ಶಾಲೆಗೆ ತಡವಾದರೂ ಕೂತು ನೋಡಿದಳಂತೆ.

ಹೂವು

ಮೂರನೇ ಬೇಸಿಗೆಗೆ ಹೂ ಬಂತು. ಬಂದದ್ದೆಲ್ಲ ಮೇಲಿನ ಎರಡು ತಂತಿಗಳಲ್ಲೇ, ಅಂದರೆ ಚಳಿಗಾಲದಲ್ಲೂ ಬಿಸಿಲು ಕಂಡ ಪಟ್ಟಿಯಲ್ಲಿ. ಕೆಳಗಿನ ಭಾಗ ದಟ್ಟ ಹಸಿರು, ಆದರೆ ಹೂವಿಲ್ಲ. ನನಗೆ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಇದೇ. ನೆರಳನ್ನು ತಡೆದುಕೊಳ್ಳುವ ಬಳ್ಳಿ ನೆರಳಲ್ಲೇ ಹೂ ಬಿಡುತ್ತದೆ ಅಂತಲ್ಲ. ಎಲೆಗೆ ನೆರಳು ಸಾಕು, ಹೂವಿಗೆ ಬೆಳಕು ಬೇಕು. ಕಂಬ 8 ಅಡಿಗೇ ನಿಂತಿದ್ದರೆ ಬಾಯಾರಿಗೆ ಹಸಿರು ಗೋಡೆ ಸಿಗುತ್ತಿತ್ತು, ಪರಿಮಳ ಸಿಗುತ್ತಿರಲಿಲ್ಲ.

ಹೂವಿಗೆ ದಪ್ಪ ದಳ ಆರು, ಮೂರು ಮೂರರ ಎರಡು ಸುತ್ತು. ಹಸಿರಿದ್ದಾಗ ಮೂಸಿದರೆ ವಾಸನೆಯೇ ಇಲ್ಲ. ಹಳದಿಗೆ ತಿರುಗುತ್ತಿದ್ದಂತೆ ಮಾಗಿದ ಹಣ್ಣಿನ ವಾಸನೆ, ಸಂಜೆ ಹೊತ್ತಿಗೆ ಹಿತ್ತಲು ತುಂಬ. ಈ ವಾಸನೆಗೆ ಸಣ್ಣ ದುಂಬಿಗಳು ಬಂದು ದಳಗಳ ನಡುವಿನ ಗೂಡಿಗೆ ನುಗ್ಗುತ್ತವೆ, ಪರಾಗ ಒಯ್ಯುವುದು ಅವೇ. ಬಯಲಲ್ಲಿದ್ದರೆ ಅರ್ಧ ವಾಸನೆ ಗಾಳಿಗೆ ಹೋಗುತ್ತಿತ್ತು. ಮರೆಯಿರುವ ಹಿತ್ತಲಲ್ಲಿ ಅದು ಅಡುಗೆಮನೆ ಕಿಟಕಿಯವರೆಗೂ ನಿಲ್ಲುತ್ತದೆ. ಈ ಹೂವನ್ನು ಮಾಲೆ ಕಟ್ಟಲಾಗದು. ಬಾಯಾರು ಒಂದೊಂದನ್ನೇ ಹಿತ್ತಾಳೆ ಬಟ್ಟಲಿನ ನೀರಿಗೆ ಹಾಕಿ ದೇವರ ಮುಂದೆ ಇಡುತ್ತಾರೆ. ಬೆಳಗಿನ ಚಹಾ ಮತ್ತೆ ಕಟ್ಟೆ ಮೇಲೇ ಆಗುತ್ತಿದೆ. ಆಚೆಯ ಮೆಟ್ಟಿಲಿಂದ ಈಗ ಕಟ್ಟೆ ಕಾಣುವುದಿಲ್ಲ.

ಸವರುವ ಕೆಲಸ ವರ್ಷಕ್ಕೊಮ್ಮೆ, ಮಳೆ ಕಡಿಮೆಯಾದ ಮೇಲೆ, ಅಕ್ಟೋಬರ್ ಮೊದಲ ಅರ್ಧದಲ್ಲಿ. ಅದಕ್ಕಿಂತ ತಡ ಮಾಡಿದರೆ ಕತ್ತಲಿನ ತಿಂಗಳು ಶುರುವಾಗಿ ಕತ್ತರಿಸಿದಲ್ಲಿ ಚಿಗುರುವುದು ನಿಧಾನ. ಆಚೆ ಕಡೆ ಬಾಗಿದ ರೆಂಬೆ, ಒಂದಕ್ಕೊಂದು ಉಜ್ಜುವ ರೆಂಬೆ, ಬುಡದ ಒಂದೂವರೆ ಅಡಿಯೊಳಗಿನ ಚಿಗುರು, ಇಷ್ಟನ್ನೇ ತೆಗೆಯಬೇಕು. ಹಳೇ ಕಾಂಡದ ಬುಡದಲ್ಲಿ ಮುಳ್ಳು ಇರುತ್ತವೆ, ಕೈಗವಸು ಬೇಕು. ತಂತಿ ಹಿಡಿದ ಕೊಕ್ಕೆಗಳನ್ನು ಕತ್ತರಿಸಬಾರದು. ಅವು ಹೋದರೆ ಆ ಭಾಗದ ಬಳ್ಳಿ ಪೂರ್ತಿ ಜಾರಿ ನೆರಳಿಗೆ ಬೀಳುತ್ತದೆ.